ಸನ್ನತಿಯ ಕಲ್ಲು, ಮಳಖೇಡದ ಮಾತು ಮತ್ತು ನಮ್ಮ ಧರ್ಮಪಾಠದ ಪೀರಿಯಡ್

ಕಲಬುರಗಿ ಸೀಮೆಯ ಕಥೋಲಿಕ ಶಾಲೆಯೊಂದರ ಏಳನೇ ತರಗತಿಯ ಹಾಜರಿ ಪುಸ್ತಕ ತೆರೆದು ನೋಡಿ. ಲಿಂಗಾಯತರು, ಕಬ್ಬಲಿಗರು, ದಲಿತರು, ತಾಂಡಾದಿಂದ ಬರುವ ಲಂಬಾಣಿ ಮಕ್ಕಳು, ಮುಸ್ಲಿಮರು ಹೆಚ್ಚು. ಆಮೇಲೆ ಮೆಥೋಡಿಸ್ಟ್ ಸಭೆಯ ಕ್ರೈಸ್ತ ಮಕ್ಕಳು. ಬೀದರ, ಕಲಬುರಗಿ ಕಡೆ ಕ್ರೈಸ್ತರೆಂದರೆ ಬಹುಪಾಲು ಅವರೇ. ಕಥೋಲಿಕ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು. ವಾಡಿ ಜಂಕ್ಷನ್ನಿನ ರೈಲ್ವೆ ನೌಕರರ ಮನೆಯವರು, ವಾಡಿ, ಸೇಡಂ, ಶಹಾಬಾದಿನ ಸಿಮೆಂಟ್ ಕಾರ್ಖಾನೆಗಳಿಗೆ ದೂರದಿಂದ ಬಂದವರ ಮಕ್ಕಳು, ಆಸ್ಪತ್ರೆಯ ನರ್ಸಮ್ಮನ ಮಗಳು. ಗುಲ್ಬರ್ಗ ಧರ್ಮಪ್ರಾಂತ ಹುಟ್ಟಿದ್ದೇ 2005ರಲ್ಲಿ. ರಾಬರ್ಟ್ ಮೈಕಲ್ ಮಿರಾಂದಾ ಅದರ ಮೊದಲ ಧರ್ಮಾಧ್ಯಕ್ಷರು. ಧರ್ಮಪ್ರಾಂತಕ್ಕೆ ಇನ್ನೂ ಚಿಕ್ಕ ವಯಸ್ಸು. ಅದು ಕಾಲಿಟ್ಟ ನೆಲದಲ್ಲಿ ಮಾತ್ರ ಧರ್ಮಗಳ ಮಾತುಕತೆ ಎರಡು ಸಾವಿರ ವರ್ಷಗಳಿಗೂ ಹಿಂದಿನದು.

ಇಲ್ಲಿ ಆರರಿಂದ ಎಂಟನೇ ತರಗತಿಯವರಿಗೆ ಧರ್ಮಪಾಠ, ಮೌಲ್ಯಶಿಕ್ಷಣ ಎರಡನ್ನೂ ಹೇಳುತ್ತ ಬಂದವಳು ನಾನು. ಹೊಸದಾಗಿ ಸೇರುವ ಶಿಕ್ಷಕರು, ಸಿಸ್ಟರುಗಳು ಬಂದು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಎರಡು ತರಗತಿಗಳ ನಡುವಿನ ಗೆರೆ ಎಲ್ಲರಿಗೂ ಕಾಣುವಂತಿರಲಿ

ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಮೌಲ್ಯಶಿಕ್ಷಣ: ವೇಳಾಪಟ್ಟಿಯಲ್ಲಿ ಹೀಗೆ ಬರೆದಿರುತ್ತದೆ. ಒಳಗೆ ನಡೆಯುವುದೂ ಹಾಗೇ ಇರಬೇಕು. ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ ನೇರವಾಗಿದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಒಂದು ಮಗು ಧಾರ್ಮಿಕ ಬೋಧನೆಗೆ ಕೂರಬೇಕಾದರೆ ಪೋಷಕರ ಒಪ್ಪಿಗೆ ಬೇಕು. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಬೇರೆಯವರ ಮಗುವಿನ ಮನಸ್ಸಿನ ಮೇಲೆ ಹಕ್ಕು ಕೊಟ್ಟಿಲ್ಲ. ಧರ್ಮಸಭೆಯ ನಿಲುವೂ ಇದಕ್ಕೆ ಹೊರತಲ್ಲ. ಶಾಲೆಯಲ್ಲಿ ಧರ್ಮದ ಬಗ್ಗೆ ಪಾಠ ಹೇಳುವುದು ಬೇರೆ, ವಿಶ್ವಾಸದಲ್ಲಿ ಬೆಳೆಸುವುದು ಬೇರೆ ಎಂದು 1988ರ ವ್ಯಾಟಿಕನ್ ದಾಖಲೆಯೇ ಬಿಡಿಸಿ ಹೇಳಿದೆ. ನಮ್ಮ ದೇಶದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2024ರಲ್ಲಿ ಶಾಲೆಗಳಿಗೆ ಕಳಿಸಿದ ಸೂಚನೆಗಳಲ್ಲಿ, ಅನ್ಯಧರ್ಮೀಯ ಮಕ್ಕಳ ಮೇಲೆ ನಮ್ಮ ಆಚರಣೆಗಳನ್ನು ಹೇರಬೇಡಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಎಂದಿದೆ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಇರಬಾರದು. ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು ಇರಲಿ. ಹೆಬ್ಬೆಟ್ಟು ಒತ್ತುವ ತಾಯಿಗೆ ಯಾರಾದರೂ ಕೂತು ಓದಿ ಹೇಳಲಿ. ಅವಳು ‘ನೀವು ಏನ್ ಕಲಿಸ್ತೀರಿ ಹೇಳ್ರಿ’ ಎಂದು ಕೇಳಿದರೆ ಪುಸ್ತಕ ತೆಗೆದು ತೋರಿಸಿ. ತೋರಿಸಲಾಗದ ಪಾಠ ಇದೆಯೆಂದರೆ ಅದನ್ನು ಮಾಡಲೇಬೇಡಿ. ಸಂಶಯದ ಗಾಳಿ ಬೀಸುವ ಕಾಲದಲ್ಲಿ ಹೀಗೆ ತೆರೆದಿಟ್ಟು ಕಲಿಸುವುದು ಶಾಲೆಗೆ ರಕ್ಷಣೆಯೂ ಹೌದು. ಆದರೆ ಅದಕ್ಕಿಂತ ಮೊದಲು ಅದು ಮಗುವಿಗೆ ಸಲ್ಲಬೇಕಾದ ಮರ್ಯಾದೆ.

2. ಮಗುವಿನ ಮನೆಯ ದೇವರನ್ನು ಮೊದಲು ಕೇಳಿ ತಿಳಿದುಕೊಳ್ಳಿ

ವರ್ಷದ ಆರಂಭದಲ್ಲಿ ನಾನು ಕೊಡುವ ಮನೆಗೆಲಸ ಒಂದೇ. ಮನೆಯಲ್ಲಿರುವ ಅತಿ ಹಿರಿಯರ ಹತ್ತಿರ ಕೂತು, ಅವರಿಗೆ ತುಂಬ ಇಷ್ಟವಾದ ಹಬ್ಬ ಅಥವಾ ಜಾತ್ರೆಯ ಬಗ್ಗೆ ಕೇಳಿ ಬರೆದುಕೊಂಡು ಬರಬೇಕು. ಜಾತಿ ಕೇಳುವಂತಿಲ್ಲ, ಧರ್ಮದ ಹೆಸರನ್ನೂ ಬರೆಯಬೇಕಿಲ್ಲ. ಹಬ್ಬ ಯಾವುದು, ಅವತ್ತು ಏನು ಮಾಡುತ್ತಾರೆ, ಅಜ್ಜಿ ಚಿಕ್ಕವಳಿದ್ದಾಗ ಹೇಗಿತ್ತು, ಇಷ್ಟೇ.

ಆ ಹಾಳೆಗಳು ಬಂದ ವಾರ ನನಗೆ ವರ್ಷದ ಅತ್ಯಂತ ಒಳ್ಳೆಯ ವಾರ. ಚಿತ್ತಾಪುರದ ಮಗು ನಾಗಾವಿ ಯಲ್ಲಮ್ಮನ ಜಾತ್ರೆ ಬರೆಯುತ್ತದೆ. ಇನ್ನೊಬ್ಬಳು ಕಲಬುರಗಿಯ ಶರಣಬಸವೇಶ್ವರ ತೇರಿನಲ್ಲಿ ಉತ್ತತ್ತಿ ಎಸೆದದ್ದನ್ನು, ಮತ್ತೊಬ್ಬ ಬಂದೇ ನವಾಜ್ ಉರುಸಿಗೆ ಅಜ್ಜನ ಹೆಗಲ ಮೇಲೆ ಕೂತು ಹೋದದ್ದನ್ನು ಬರೆಯುತ್ತಾರೆ. ತಾಂಡಾದ ಹುಡುಗ ಫೆಬ್ರುವರಿ 15ರ ಸೇವಾಲಾಲ ಜಯಂತಿಯನ್ನು ಬರೆಯುತ್ತಾನೆ. ಚಿಂಚೋಳಿ, ಸೇಡಂ ಕಡೆಯ ಮೆಥೋಡಿಸ್ಟ್ ಮಕ್ಕಳು ನವೆಂಬರಿನಲ್ಲಿ ತಾಂಡೂರು ದಾಟಿ, ವಿಕಾರಾಬಾದ್ ಸಮೀಪದ ಧಾರೂರು ಜಾತ್ರೆಗೆ ರೊಟ್ಟಿಗಂಟು ಕಟ್ಟಿಕೊಂಡು ಹೋಗುವ ಕಥೆ ಬರೆಯುತ್ತಾರೆ. ಮೈದಾನದಲ್ಲಿ ಗುಡಾರ ಹಾಕಿಕೊಂಡು ಇರುವುದು, ಬೆಳಗಿನ ಚಳಿ, ಭಜನೆ. ಕ್ರೈಸ್ತ ಧರ್ಮ ಎಂದರೆ ಇಂಗ್ಲಿಷ್ ಮಾತಾಡುವ ಪಟ್ಟಣದ ಸಂಗತಿ ಎಂದುಕೊಂಡ ಸಹಪಾಠಿಗಳು ಅದನ್ನು ಕೇಳಿ ಬೆರಗಾಗುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಬರುವುದು ಮೊಹರಂ. ನಮ್ಮ ಕಡೆಯ ಹಳ್ಳಿಗಳಲ್ಲಿ ಅಲಾಯಿ ದೇವರನ್ನು ಹೊರುವವರು, ಕುಣಿ ತೋಡಿ ಬೆಂಕಿ ಹಾಕುವವರು, ಅದರ ಸುತ್ತ ಹೆಜ್ಜೆ ಹಾಕಿ ಪದ ಹೇಳುವವರು ಬಹುಪಾಲು ಹಿಂದೂಗಳೇ. ಮುಸ್ಲಿಮರ ಮನೆಗಳೇ ಇಲ್ಲದ ಊರಲ್ಲೂ ಅಲಾಯಿ ಕೂರುತ್ತದೆ. ಮಕ್ಕಳ ಹಾಳೆಗಳಲ್ಲಿ ಇದೆಲ್ಲ ಯಾವ ವಿವರಣೆಯೂ ಇಲ್ಲದೆ, ಊಟ ನಿದ್ದೆಯ ಹಾಗೆ ಬಂದಿರುತ್ತದೆ. ಧರ್ಮಗಳ ಸಹಬಾಳ್ವೆ ಎಂಬ ಅಧ್ಯಾಯವನ್ನು ಪುಸ್ತಕದಿಂದ ಶುರುಮಾಡುವ ಅಗತ್ಯವೇ ಇಲ್ಲ. ಅದು ಅವರ ಚೀಲದಲ್ಲೇ ಇದೆ. ಅದನ್ನು ತೆಗೆದು ಮೇಜಿನ ಮೇಲಿಡಲು ಅವಕಾಶ ಮಾಡಿಕೊಟ್ಟರೆ ಸಾಕು.

ಒಂದು ಎಚ್ಚರ ಬೇಕು. ಹಾಳೆಯನ್ನು ಗಟ್ಟಿಯಾಗಿ ಓದುವುದು ಮಗುವಿನ ಇಚ್ಛೆಗೆ ಬಿಟ್ಟದ್ದು. ಮನೆಯ ದೇವರ ಹೆಸರಿನಿಂದ ಜಾತಿ ಗೊತ್ತಾಗಿಬಿಡುವ ನಾಡು ನಮ್ಮದು. ಹನ್ನೆರಡು ವರ್ಷದ ಮಗುವಿಗೂ ಅದು ಗೊತ್ತು.

3. ಸನ್ನತಿ, ಮಳಖೇಡಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ

ಈ ಒಂದು ಪಾಠವನ್ನು ಯಾವ ಶಾಲೆಯೂ ಬಿಡಬಾರದು ಎಂದು ನನ್ನ ಹಟ.

ಚಿತ್ತಾಪುರ ತಾಲ್ಲೂಕಿನ ಭೀಮಾ ತೀರದಲ್ಲಿ ಸನ್ನತಿ ಇದೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಡು 1986ರಲ್ಲಿ ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲು ಆಗ ಹೊರಬಂತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕನ ಶಾಸನಗಳಿದ್ದವು. ಕ್ರಿಸ್ತಪೂರ್ವ ಮೂರನೇ ಶತಮಾನದ ಬರಹ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಸಿಕ್ಕಿತು. ಇಷ್ಟನ್ನು ಸಮಾಜ ವಿಜ್ಞಾನದ ಶಿಕ್ಷಕರು ಹೇಳಿಯೇ ಹೇಳುತ್ತಾರೆ. ಆ ಕಲ್ಲಿನ ಮೇಲಿರುವುದರಲ್ಲಿ ಒಂದು ಅಶೋಕನ 12ನೇ ಶಿಲಾಶಾಸನ ಎಂಬುದನ್ನು ಹೇಳುವುದು ಧರ್ಮಪಾಠದ ಶಿಕ್ಷಕರ ಕೆಲಸ.

ಅದರ ವಿಷಯವೇ ಬೇರೆ ಬೇರೆ ಪಂಥದವರು ಒಟ್ಟಿಗೆ ಬದುಕುವುದು. ತನ್ನ ಪಂಥದ ಮೇಲಿನ ಅಭಿಮಾನದಿಂದ ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚಿನ ಕೇಡು ಮಾಡುತ್ತಾನೆ, ನಾಲಿಗೆಗೆ ಹಿಡಿತವಿರಲಿ, ಒಬ್ಬರ ಧರ್ಮದ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿ. ಶಾಸನದ ತಾತ್ಪರ್ಯ ಇದು. ಇದನ್ನು ಬೋರ್ಡಿನ ಮೇಲೆ ನನ್ನ ಮಾತಿನಲ್ಲಿ ಬರೆದು, ಯಾರು ಬರೆದಿರಬಹುದು ಎಂದು ಕೇಳುತ್ತೇನೆ. ಮಕ್ಕಳು ಗಾಂಧೀಜಿ ಎನ್ನುತ್ತಾರೆ, ಅಂಬೇಡ್ಕರ್ ಎನ್ನುತ್ತಾರೆ, ಬಸವಣ್ಣ ಎನ್ನುತ್ತಾರೆ. ಸನ್ನತಿಯ ಕಲ್ಲು ಎಂದಾಗ ಗದ್ದಲ ನಿಲ್ಲುತ್ತದೆ. ‘ನಮ್ಮ ಚಂದ್ರಲಾಂಬಾ ಗುಡಿ ಸನ್ನತಿನೇ ಏನ್ರಿ ಮಿಸ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಅದೇ.

ಮಳಖೇಡ ಇರುವುದು ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಒಂದೇ ಊರಿನಲ್ಲಿ ಜೈನ ಬಸದಿ ಇದೆ, ಮಾಧ್ವ ಯತಿ ಜಯತೀರ್ಥರ ವೃಂದಾವನ ಇದೆ, ಹಳೆಯ ಕೋಟೆ ಇದೆ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೇ ಶತಮಾನದಲ್ಲಿ ರಚನೆಯಾದ ‘ಕವಿರಾಜಮಾರ್ಗ’, ಬೇರೆಯವರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳಬಲ್ಲ ಗುಣವನ್ನು ಬಂಗಾರಕ್ಕಿಂತ ಮೇಲಿಟ್ಟಿತು. ನಮಗೆ ದೊರೆತ ಅತಿ ಹಳೆಯ ಕನ್ನಡ ಗ್ರಂಥವೇ ಈ ಮಾತು ಆಡಿದೆ, ಅದೂ ನಮ್ಮ ಬಸ್ಸು ದಿನಾ ದಾಟಿ ಹೋಗುವ ಊರಿನಿಂದ.

ಕಥೋಲಿಕ ಮಕ್ಕಳ ತರಗತಿಯಲ್ಲಿ ಇವೆರಡರ ಪಕ್ಕಕ್ಕೆ ಮೂರನೆಯದನ್ನು ಇಡುತ್ತೇನೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಎರಡು ಘೋಷಣೆಗಳನ್ನು ಹೊರಡಿಸಿತು. ಒಂದು ಕ್ರೈಸ್ತ ಶಿಕ್ಷಣದ ಬಗ್ಗೆ. ಇನ್ನೊಂದು ‘ನೊಸ್ತ್ರಾ ಎತಾತೆ’, ಇತರ ಧರ್ಮಗಳ ಬಗ್ಗೆ. ಅವುಗಳಲ್ಲಿರುವ ಸತ್ಯವನ್ನು, ಪವಿತ್ರವಾದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಹೇಳಿದ ದಾಖಲೆ. ಶಿಕ್ಷಣದ ಕಾಗದವೂ ಪರಧರ್ಮ ಗೌರವದ ಕಾಗದವೂ ಒಂದೇ ದಿನ ಹೊರಬಂದವು ಎಂಬುದನ್ನು ನಮ್ಮ ಶಾಲೆಗಳು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು ಅನ್ನಿಸುತ್ತದೆ ನನಗೆ. ರೋಮಿನಿಂದ ಬಂದ ಮಾತು ನಮ್ಮ ನೆಲಕ್ಕೆ ಹೊರಗಿನದಾಗಿ ಕೇಳಿಸದಿರಲು ಸನ್ನತಿಯ ಕಲ್ಲಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸನ್ನತಿಗೆ ಹೋದಾಗ ದಲಿತ ಕುಟುಂಬಗಳ ಕೆಲವು ಮಕ್ಕಳ ನಡಿಗೆಯೇ ಬದಲಾಗುತ್ತದೆ. ಮನೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕ ಬುದ್ಧನ ಪಟ ನೋಡಿ ಬೆಳೆದವರು ಅವರು. 1956ರ ನಾಗಪುರದ ಬೌದ್ಧ ದೀಕ್ಷೆಯ ಕಥೆಯನ್ನು ಅಪ್ಪನ ಬಾಯಲ್ಲಿ ಕೇಳಿರುತ್ತಾರೆ, ಕಲಬುರಗಿಯ ಬುದ್ಧವಿಹಾರ ನೋಡಿರುತ್ತಾರೆ. ಅಂದು ಪಾಠ ಹೇಳುವವರು ಅವರೇ ಆಗಲಿ. ನೀವು ಹಿಂದೆ ನಿಂತು ಕೇಳಿ.

4. ಯೇಸುವಿನ ಸಾಮತಿಗಳನ್ನು ಇಲ್ಲಿನ ಹೊಲಕ್ಕೆ ಇಳಿಸಿ

ಮೌಲ್ಯಶಿಕ್ಷಣದ ತರಗತಿಯಲ್ಲಿ ಸುಸಂದೇಶದ ಕಥೆ ಹೇಳಬಾರದೆಂದೇನೂ ಇಲ್ಲ. ಜಾತಕದ ಕಥೆ, ಸೂಫಿಗಳ ಕಥೆ, ಶರಣರ ಬದುಕು, ಇವುಗಳ ಜೊತೆ ಅದೂ ಬರಲಿ. ಆದರೆ ಇದು ಯೇಸು ಹೇಳಿದ ಕಥೆ, ಬೈಬಲಿನಲ್ಲಿ ಇಂಥ ಕಡೆ ಇದೆ ಎಂದು ಹೇಳಿಯೇ ಶುರುಮಾಡಿ. ಬೇರು ಮುಚ್ಚಿಟ್ಟು ಕಥೆ ಹೇಳುವುದು ಮಕ್ಕಳಿಗೆ ಮಾಡುವ ಮೋಸ.

ಬಿತ್ತುವವನ ಸಾಮತಿ ಮತ್ತಾಯನ ಸುಸಂದೇಶದ 13ನೇ ಅಧ್ಯಾಯದಲ್ಲಿದೆ. ಬೀಜ ದಾರಿಯಲ್ಲಿ ಬಿತ್ತು, ಬಂಡೆಯ ನೆಲದಲ್ಲಿ ಬಿತ್ತು, ಮುಳ್ಳಿನಲ್ಲಿ ಬಿತ್ತು, ಒಳ್ಳೆಯ ನೆಲದಲ್ಲಿ ಬಿತ್ತು. ಬೆಂಗಳೂರಿನಿಂದ ತರಿಸಿದ ಪುಸ್ತಕದ ಚಿತ್ರದಲ್ಲಿ ಬಂಡೆಯ ನೆಲವೆಂದರೆ ಗುಂಡುಕಲ್ಲುಗಳ ರಾಶಿ. ಶಹಾಬಾದಿನ ಮಗುವಿಗೆ ಅದು ತಪ್ಪು ಚಿತ್ರವೆಂದು ತಟ್ಟನೆ ಹೊಳೆಯುತ್ತದೆ. ‘ಕಲ್ಲ ಮ್ಯಾಲ ಬಿದ್ದರ ಮೊಳಕಿ ಹೆಂಗ ಬರ್ತದರಿ? ಮ್ಯಾಲ ತೆಳ್ಳಗ ಮಣ್ಣ ಇರಬೇಕ್ರಿ, ಕೆಳಗ ಪರಸಿ ಇರಬೇಕ್ರಿ’ ಎಂದ ಒಬ್ಬ. ಅವನ ಅಪ್ಪ ಪರಸಿ ಖಣಿಯಲ್ಲಿ ಕೆಲಸ ಮಾಡುವವನು. ಸುಸಂದೇಶದಲ್ಲಿ ಇರುವುದೂ ಅದೇ: ಹೆಚ್ಚು ಮಣ್ಣಿಲ್ಲದ್ದರಿಂದ ಬೇಗ ಮೊಳೆಯಿತು, ಬಿಸಿಲೇರಿದಾಗ ಬೇರಿಲ್ಲದೆ ಒಣಗಿತು. ಯೇಸು ತಿರುಗಾಡಿದ ಗುಡ್ಡನಾಡಿನಲ್ಲಿ ಎಷ್ಟೋ ಕಡೆ ಸುಣ್ಣಕಲ್ಲಿನ ಹಾಸಿನ ಮೇಲೆ ತೆಳು ಮಣ್ಣು. ಶಹಾಬಾದ್, ವಾಡಿ, ಚಿತ್ತಾಪುರದ ಎಷ್ಟೋ ಹೊಲಗಳೂ ಹಾಗೇ. ತೊಗರಿ ಆಳಕ್ಕೆ ಬೇರು ಇಳಿಸುವ ಬೆಳೆ. ಕರಿಮಣ್ಣು ಆಳವಿದ್ದರೆ ಮಳೆ ಕೈಕೊಟ್ಟರೂ ತಡೆಯುತ್ತದೆ. ಗೇಣುದ್ದ ಮಣ್ಣಿನ ಕೆಳಗೆ ಪರಸಿ ಬಂತೆಂದರೆ ಹೂಬಿಡುವ ಮೊದಲೇ ಬಾಡುತ್ತದೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ತೊಗರಿಯ ಕಥೆಯನ್ನೂ ಇದೇ ಪಾಠದಲ್ಲಿ ಹೇಳಿಬಿಡಬಹುದು.

ಆಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ, ಪ್ರತಿ ವರ್ಷ. ಬಿತ್ತುವವನು ದಾರಿಯ ಮೇಲೆ, ಮುಳ್ಳಿನೊಳಗೆ ಬೀಜ ಯಾಕೆ ಚೆಲ್ಲಿದ? ನಮ್ಮಲ್ಲಿ ಕೂರಿಗೆಯಿಂದ ಸಾಲು ಹಿಡಿದು ಬಿತ್ತುತ್ತಾರೆ, ಒಂದು ಕಾಳೂ ಹಾಳಾಗದಂತೆ. ಅಲ್ಲಿ ಕೈಯಿಂದ ಬೀಸಿ ಚೆಲ್ಲುತ್ತಿದ್ದರು ಎಂಬುದು ಅದಕ್ಕೆ ಉತ್ತರ. ಆದರೆ ಆ ಪ್ರಶ್ನೆಯನ್ನು ಬೇಗ ಮುಗಿಸಬೇಡಿ. ಒಳ್ಳೆಯ ನೆಲ ಯಾವುದೆಂದು ಮೊದಲೇ ಆರಿಸಿಕೊಳ್ಳದೆ ಎಲ್ಲ ಕಡೆ ಬೀಸಿದವನ ಬಗ್ಗೆ ಮಕ್ಕಳು ತಾವಾಗಿ ಮಾತಾಡಲು ತೊಡಗುತ್ತಾರೆ. ಹಿಂದಿನ ಬೆಂಚಿನವರು ಕೂಡ.

5. ಜಗಳ ಹುಟ್ಟಿಸುವ ಕಥೆಯನ್ನು ಜಗಳದಲ್ಲೇ ಬಿಡಿ

ದ್ರಾಕ್ಷಿ ತೋಟದ ಕೂಲಿಗಳ ಕಥೆ, ಮತ್ತಾಯ 20. ಬೆಳಗಿನಿಂದ ದುಡಿದವನಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ. ಎಂಟನೇ ತರಗತಿಯಲ್ಲಿ ಇದನ್ನು ಹೇಳಿದರೆ ಕ್ಲಾಸು ಎರಡು ಪಾಲಾಗುತ್ತದೆ. ಕಾರ್ಖಾನೆಯ ಕಾಯಂ ನೌಕರರ ಮಕ್ಕಳಿಗೆ ಅದು ಅನ್ಯಾಯ. ಗುತ್ತಿಗೆ ಕೂಲಿಯವರ ಮಕ್ಕಳಿಗೆ, ಬೆಳಿಗ್ಗೆ ನಾಕಾದಲ್ಲಿ ನಿಂತು ಯಾರೂ ಕರೆಯದೆ ಮನೆಗೆ ಮರಳಿದ ಅಪ್ಪನನ್ನು ನೋಡಿದವರಿಗೆ, ಸಂಜೆ ಬಂದವನ ಮನೆಯಲ್ಲೂ ಅಷ್ಟೇ ಹೊಟ್ಟೆಗಳಿರುವುದು ಗೊತ್ತು. ಗಂಟೆ ಬಾರಿಸಿದಾಗ ಚರ್ಚೆ ಎಲ್ಲಿತ್ತೋ ಅಲ್ಲೇ ಬಿಟ್ಟು ಬನ್ನಿ. ತೀರ್ಪು ಹೇಳಬೇಡಿ.

6. ಕಥೋಲಿಕ ಮಕ್ಕಳು ಕೆಲವೇ ಮಂದಿ. ಅವರ ಒಂಟಿತನ ನಿಮ್ಮ ಕಣ್ಣಿಗೆ ಬೀಳಲಿ

ಎಲ್ಲ ಮಕ್ಕಳ ಬಗ್ಗೆ ಯೋಚಿಸುವ ಭರದಲ್ಲಿ ಈ ನಾಲ್ಕಾರು ಮಕ್ಕಳು ಮರೆತುಹೋಗುತ್ತಾರೆ. ಮಂಗಳೂರಿನ ಕಡೆಯ ಮಗುವಿಗೆ ಓಣಿ ತುಂಬ ತನ್ನವರಿರುತ್ತಾರೆ. ಇಲ್ಲಿ ತರಗತಿಗೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಒಬ್ಬ ಮಲಯಾಳದಲ್ಲಿ ಪ್ರಾರ್ಥಿಸುತ್ತಾನೆ, ಒಬ್ಬಳು ಕೊಂಕಣಿಯಲ್ಲಿ, ಇನ್ನೊಬ್ಬ ತೆಲುಗಿನಲ್ಲಿ. ಬಲಿಪೂಜೆ ಕನ್ನಡದಲ್ಲಿ. ಮೂರು ತರಗತಿಯವರನ್ನು ಸೇರಿಸಿ ಕೂರಿಸಿದರೂ ಗುಂಪು ಚಿಕ್ಕದೇ. ನಾನು ಮನೆಯ ಭಾಷೆಯ ಪ್ರಾರ್ಥನೆಯನ್ನು ಮೊದಲು ಹೇಳಿಸಿ, ಆಮೇಲೆ ಕನ್ನಡದ್ದು ಹೇಳಿಸುತ್ತೇನೆ. ಜಪಸರದ ಒಂದೊಂದು ಮಣಿ ಒಂದೊಂದು ಭಾಷೆಯಲ್ಲಿ ಉರುಳಿದರೆ ಏನೂ ಕೊರತೆಯಿಲ್ಲ.

ಈ ವಯಸ್ಸಿನಲ್ಲಿ ಪ್ರಥಮ ಪರಮಪ್ರಸಾದದ ಸಂಭ್ರಮ ಹಳೆಯದಾಗಿರುತ್ತದೆ, ದೃಢೀಕರಣ ಇನ್ನೂ ಮುಂದಿರುತ್ತದೆ. ನಡುವಿನ ಈ ಕಾಲ ಪ್ರಶ್ನೆಗಳದ್ದು. ಬರುವ ಪ್ರಶ್ನೆಗಳಲ್ಲಿ ಅತಿ ಭಾರದ್ದು ಒಂದು: ‘ನನ್ನ ಗೆಳತಿ ಜ್ಞಾನಸ್ನಾನ ತಗೊಂಡಿಲ್ಲ. ಅವಳು ಸ್ವರ್ಗಕ್ಕ ಹೋಗಲ್ಲೇನ್ರಿ?’ ಉತ್ತರ ತಪ್ಪಿಸಬೇಡಿ. 1964ರಲ್ಲಿ ಮಹಾಸಭೆ ಹೊರಡಿಸಿದ ‘ಲೂಮೆನ್ ಜೆನ್ಸಿಯುಂ’ ದಾಖಲೆಯ 16ನೇ ಪರಿಚ್ಛೇದ ತೆಗೆಯಿರಿ. ತಮ್ಮ ತಪ್ಪಿಲ್ಲದೆ ಸುಸಂದೇಶ ಅರಿಯದವರು ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ಅಂತಃಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆ ಸಾಧ್ಯ ಎಂಬುದು ಧರ್ಮಸಭೆಯ ಬೋಧನೆ. ಇದನ್ನು ಕೇಳಿ ಒಬ್ಬಳು ಹುಡುಗಿ ಅಳುವುದನ್ನು ನೋಡಿದ್ದೇನೆ. ಎಷ್ಟು ದಿನದಿಂದ ಆ ಭಯ ಹೊತ್ತುಕೊಂಡಿದ್ದಳೋ ಏನೋ.

ಮೆಥೋಡಿಸ್ಟ್ ಮಕ್ಕಳನ್ನು ‘ಹೇಗಿದ್ದರೂ ಕ್ರೈಸ್ತರೇ’ ಎಂದು ಧರ್ಮೋಪದೇಶಕ್ಕೆ ಎಳೆದು ಕೂರಿಸುವ ರೂಢಿ ಕೆಲವೆಡೆ ಇದೆ. ಇದು ಸಲ್ಲದು. ಅವರಲ್ಲಿ ಜಪಸರವಿಲ್ಲ, ಪಾಪನಿವೇದನೆಯಿಲ್ಲ. ಅವರ ಮನೆಯವರ ಒಪ್ಪಿಗೆಯೂ ಬೇಕು, ಅವರ ಪಾಸ್ಟರಿಗೆ ತಿಳಿದಿರಲೂಬೇಕು. ಸತ್ಯವೇದದ ವಾಕ್ಯಗಳು ಬಾಯಿಪಾಠ ಇರುವುದು ನಮ್ಮ ಮಕ್ಕಳಿಗಿಂತ ಅವರಿಗೇ ಹೆಚ್ಚು. ಬೈಬಲ್ ರಸಪ್ರಶ್ನೆಯಲ್ಲಿ ಅವರು ಗೆಲ್ಲುತ್ತಾರೆ, ಗೆಲ್ಲಲಿ.

7. ವಿಶ್ವಾಸಕ್ಕೆ ಅಂಕ ಹಾಕಬೇಡಿ

ಪ್ರಶ್ನೆಪತ್ರಿಕೆ ಜ್ಞಾನಕ್ಕೆ ಮಾತ್ರ. ಭಾನುವಾರದ ಪೂಜೆಗೆ ಬಂದದ್ದಕ್ಕೆ ಬಹುಮಾನ, ಬಾರದ್ದಕ್ಕೆ ದಂಡ, ಎರಡೂ ಬೇಡ. ಅಪ್ಪನ ಪಾಳಿ ಯಾವುದು, ಅಮ್ಮನಿಗೆ ರಜೆ ಇದೆಯೇ ಎಂಬುದರ ಮೇಲೆ ನಿಂತ ಸಂಗತಿಗೆ ಮಗು ಹೊಣೆಯಲ್ಲ.

8. ಮೌಲ್ಯಶಿಕ್ಷಣದ ಪುಸ್ತಕದಲ್ಲಿ ಇಲ್ಲದ ಅಧ್ಯಾಯವೇ ಮುಖ್ಯ

ಪುಸ್ತಕದಲ್ಲಿ ಸತ್ಯ, ವಿನಯ, ಸಮಯಪಾಲನೆ ಇವೆ. ನಮ್ಮ ತರಗತಿಯಲ್ಲಿ ದೀಪಾವಳಿ ಕಳೆದ ಮೇಲೆ ಖಾಲಿಯಾಗುವ ಬೆಂಚುಗಳಿವೆ. ತಂದೆತಾಯಿಯ ಜೊತೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದ ಮಕ್ಕಳು ಅವರು. ಗುಟ್ಕಾ ಇದೆ. ಮದುವೆ ಮಾತುಕತೆ ಶುರುವಾಗಿರುವ ಹದಿಮೂರು ವರ್ಷದ ಹುಡುಗಿಯರಿದ್ದಾರೆ, ತಾಂಡಾದಲ್ಲೂ ಊರಲ್ಲೂ. ಪುಸ್ತಕ ಇವುಗಳ ಸುದ್ದಿಗೆ ಹೋಗುವುದಿಲ್ಲ.

2006ರ ಕಾನೂನಿನ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ, ಮಕ್ಕಳ ಸಹಾಯವಾಣಿ 1098. ಈ ಎರಡು ವಿಷಯ ನನ್ನ ಎಂಟನೇ ತರಗತಿಯ ಪ್ರತಿ ಹುಡುಗಿಗೂ, ಪ್ರತಿ ಹುಡುಗನಿಗೂ ಕಂಠಪಾಠ. ಮಗುವೊಂದು ತನ್ನ ಮೇಲೆ ನಡೆದ ದೌರ್ಜನ್ಯ ಹೇಳಿಕೊಂಡರೆ ಅದನ್ನು ವರದಿ ಮಾಡಲೇಬೇಕೆಂದು 2012ರ ಪೋಕ್ಸೋ ಕಾನೂನು ಹೇಳುತ್ತದೆ. ‘ಪ್ರಾರ್ಥನೆ ಮಾಡು, ಸರಿಹೋಗ್ತದೆ’ ಎಂದು ಮಗುವನ್ನು ಹಿಂದಕ್ಕೆ ಕಳಿಸುವುದು ಅಪರಾಧ, ದೇವರ ಮುಂದೆಯೂ ಕಾನೂನಿನ ಮುಂದೆಯೂ. ಯೇಸು ಮಕ್ಕಳನ್ನು ತಡೆಯಬೇಡಿ ಎಂದದ್ದನ್ನು ಕಲಿಸುವವರು ಮೊದಲು ಮಕ್ಕಳ ಮಾತನ್ನು ನಂಬಬೇಕು. ಇದಕ್ಕಾಗಿ ತರಗತಿಯ ಹೊರಗೆ, ಎಲ್ಲರಿಗೂ ಕಾಣುವ ಆದರೆ ಯಾರಿಗೂ ಕೇಳಿಸದ ಒಂದು ಜಾಗದಲ್ಲಿ, ವಾರಕ್ಕೊಂದು ದಿನ ಊಟದ ಬಿಡುವಿನಲ್ಲಿ ಕೂರುತ್ತೇನೆ. ಬರುವವರು ಬರುತ್ತಾರೆ. ಹೆಚ್ಚಿನ ಸಲ ಅವರು ಹೇಳುವುದು ಸಣ್ಣ ಸಂಗತಿಗಳನ್ನೇ. ಸಣ್ಣದನ್ನು ಕೇಳಿಸಿಕೊಂಡವರ ಹತ್ತಿರವೇ ಮುಂದೊಂದು ದಿನ ದೊಡ್ಡದನ್ನು ಹೇಳುತ್ತಾರೆ.

9. ಪೀರಿಯಡ್ಡನ್ನು ಬಿಟ್ಟುಕೊಡಬೇಡಿ

ವೇಳಾಪಟ್ಟಿ ಬರೆಯುವಾಗ ಮೌಲ್ಯಶಿಕ್ಷಣ ಶುಕ್ರವಾರದ ಕೊನೆಗೆ ಬೀಳುತ್ತದೆ. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರು ಕೇಳುತ್ತಾರೆ, ವಿಜ್ಞಾನದವರು ಕೇಳುತ್ತಾರೆ. ಪ್ರೀತಿಯಿಂದಲೇ ಇಲ್ಲ ಎನ್ನಿ. ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗಿ, ವಾರದ ನಡುವೆ, ಮಧ್ಯಾಹ್ನದ ಊಟಕ್ಕೆ ಮೊದಲಿನ ಹೊತ್ತನ್ನು ಕೇಳಿ ಪಡೆದುಕೊಳ್ಳಿ. ಏಪ್ರಿಲಿನಲ್ಲಿ ನಮ್ಮ ಕಡೆ ಮಧ್ಯಾಹ್ನದ ಮೇಲೆ ತಗಡಿನ ಮಾಡಿನ ಕೋಣೆಯಲ್ಲಿ ಯಾವ ಮಗುವೂ ದೇವರ ಬಗ್ಗೆ ಯೋಚಿಸಲಾರದು. ಸನ್ನತಿಗೆ ಹೋಗುವುದಿದ್ದರೂ ಡಿಸೆಂಬರ್ ಒಳ್ಳೆಯದು. ತೊಗರಿ ಕೊಯ್ಲಿಗೆ ಬಂದಿರುತ್ತದೆ. ಆಳದ ಮಣ್ಣು ಯಾವುದು, ತೆಳು ಮಣ್ಣು ಯಾವುದು ಎಂದು ಬಸ್ಸಿನ ಕಿಟಕಿಯಿಂದ ಮಕ್ಕಳೇ ನಿಮಗೆ ತೋರಿಸುತ್ತಾರೆ.